ಕೆರೆ ಒಡೆಯುವ ಮುನ್ನ



ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನ ಕೆಲಸ. ಮಾತು 2022ರ ಮಳೆಯ ಕಡೆಗೆ ತಿರುಗಿತು. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಾಲದಿಂದ ಒಣಗಿ ಬಿದ್ದಿದ್ದ ಕೆರೆಗಳೆಲ್ಲ ತುಂಬಿ ಕೋಡಿ ಹರಿದುದು ನಿಮಗೆ ನೆನಪಿರಬಹುದು. ಅವನು ಕೇಳಿದ: "ಸಾರ್, ಕೆರೆ ಕೋಡಿ ಬಿತ್ತೆಂದು ಊರವರೆಲ್ಲ ಸೇರಿ ಬಾಗಿನ ಬಿಟ್ಟೆವು. ಏರಿಯೇ ಒಡೆದು ಹೋಗುವುದಿದ್ದರೆ ನಮಗೆ ಮೊದಲೇ ತಿಳಿಯುತ್ತದೆಯೇ?"

ಹೌದೆಂದಾಗಲಿ ಇಲ್ಲವೆಂದಾಗಲಿ ಹೇಳಿ ಮುಗಿಸಬಹುದಾದ ಪ್ರಶ್ನೆ ಅದಲ್ಲ. ಅಂದು ಕಾಫಿ ಕುಡಿಯುತ್ತಾ ಏನೋ ಹೇಳಿ ಕಳುಹಿಸಿದೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ಈ ಪ್ರಶ್ನೆಗೂ ನನಗೂ ಹಳೆಯ ಲೆಕ್ಕವೊಂದು ಬಾಕಿಯಿದೆ. ಆದ್ದರಿಂದ ತಿಳಿದಷ್ಟನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲಿನವು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ, ಅದರ ಕೋಡಿ ಮತ್ತೊಂದಕ್ಕೆ. ತುಮಕೂರು, ಗುಬ್ಬಿ, ತುರುವೇಕೆರೆ ಕಡೆಯ ಅದೆಷ್ಟೋ ಕೆರೆಗಳ ನೀರು ಹೀಗೆಯೇ ಶಿಂಷಾ ನದಿಯನ್ನು ಸೇರಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗಿ ಮುಟ್ಟುತ್ತದೆ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು 1866ರಲ್ಲಿ ಈ ವ್ಯವಸ್ಥೆಯನ್ನು ಕಂಡು ಬೆರಗಾದರು. ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ ಅರವತ್ತರಷ್ಟು ನೆಲವನ್ನು ಇಲ್ಲಿನ ಜನ ತಾಳ್ಮೆಯಿಂದ ದುಡಿದು ಕೆರೆಗಳ ಆಡಳಿತಕ್ಕೆ ತಂದಿದ್ದಾರೆಂದು ಅವರು ದಾಖಲಿಸಿದರು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಒತ್ತೊತ್ತಾಗಿ ಕೆರೆಗಳಿದ್ದವು.

ಸರಪಣಿಯ ಗುಣವೂ ದೋಷವೂ ಒಂದೇ ಕಡೆ ಇರುತ್ತವೆ. ಮೇಲಿನದು ತುಂಬಿದರೆ ಕೆಳಗಿನದು ತುಂಬುತ್ತದೆ. ಮೇಲಿನದು ಒಡೆದರೆ ಕೆಳಗಿನದೂ ಒಡೆಯುತ್ತದೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತು. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು ಇಂದಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಬಳಿ 1369ರ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ದೋಷಗಳಲ್ಲಿ ಮೊದಲನೆಯದೇ ಏರಿಯಿಂದ ನೀರು ಒಸರುವುದು! ನೆಲ ಸಾಲದೆಡೆ ಅತಿಯಾಗಿ ನೀರು ಬಂದು ಸೇರುವುದನ್ನೂ ಅದು ದೋಷವೆಂದೇ ಹೇಳುತ್ತದೆ. ಮಣ್ಣಿನ ಅಣೆಕಟ್ಟೆಗಳು ಒಡೆಯಲು ಇಂದಿನ ಇಂಜಿನಿಯರಿಂಗ್ ಪುಸ್ತಕಗಳು ಕೊಡುವ ಎರಡು ಮುಖ್ಯ ಕಾರಣಗಳೂ ಇವೇ: ಏರಿಯ ಒಳಗಿನಿಂದ ನೀರು ಮಣ್ಣನ್ನು ಕೊರೆದುಕೊಂಡು ಬರುವುದು, ಇಲ್ಲವೇ ಕೋಡಿ ಸಾಲದೆ ಏರಿಯ ನೆತ್ತಿಯ ಮೇಲೆಯೇ ನೀರು ಹರಿಯುವುದು. ಆರೂವರೆ ಶತಮಾನಗಳ ಹಿಂದೆ ಕಲ್ಲಿನ ಮೇಲೆ ಕೆತ್ತಿಸಿದ ಮಾತು ಇಂದಿಗೂ ತಪ್ಪಾಗಿಲ್ಲ.

ಕೆರೆ ಕಟ್ಟಿಸಿದರೆ ಸಾಲದು, ಕಾಯಬೇಕು ಎಂಬುದನ್ನೂ ಅವರು ಬಲ್ಲವರಾಗಿದ್ದರು. ನಮ್ಮ ಶಾಸನಗಳಲ್ಲಿ ಕಾಣುವ ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಪದಗಳು ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಬಿಟ್ಟ ಜಮೀನನ್ನು ಸೂಚಿಸುತ್ತವೆ. ಹೂಳೆತ್ತಿ ಏರಿಗೆ ಮಣ್ಣು ಹಾಕುವ ಬಂಡಿಗಳಿಗೆಂದೇ ದತ್ತಿ ಬಿಟ್ಟ ಉದಾಹರಣೆಗಳಿವೆ. ಇಷ್ಟಾದರೂ ಕೆರೆಗಳು ಒಡೆಯುತ್ತಿದ್ದವು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಇಂದಿನ ಹೊಸಪೇಟೆಯ ಬಳಿ ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನು ಕಣ್ಣಾರೆ ಕಂಡವನು. ಸಾವಿರಾರು ಆಳುಗಳು ಇರುವೆಗಳಂತೆ ದುಡಿಯುತ್ತಿದ್ದರೆಂದೂ, ಏರಿ ಎರಡು ಮೂರು ಬಾರಿ ಒಡೆದುದರಿಂದ ನರಬಲಿ ಕೊಡಿಸಲಾಯಿತೆಂದೂ ಬರೆದಿದ್ದಾನೆ. ಕಾರಣ ತಿಳಿಯದಿದ್ದಾಗ ಮನುಷ್ಯನು ಬಲಿಯನ್ನು ಹುಡುಕುತ್ತಾನೆ.

ಬಲಿಯ ಮಾತು ಬಂದಾಗ ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಬಳಿಯಿರುವ ಅಯ್ಯನಕೆರೆಯ ಐತಿಹ್ಯ ನೆನಪಾಗುತ್ತದೆ. ನಿಮ್ಮಲ್ಲಿ ಹಲವರಿಗೆ ತರಗತಿಯಲ್ಲಿ ಇದನ್ನು ಹೇಳಿದ್ದೇನೆ. ಮಳೆಗಾಲದ ರಾತ್ರಿ ಕೆರೆಯ ದೇವಿ ನೀರುಗಂಟಿಗೆ ಕಾಣಿಸಿಕೊಂಡು, ತಾನಿನ್ನು ಏರಿ ಒಡೆದು ಹೊರಡುವುದಾಗಿ ಹೇಳುತ್ತಾಳೆ. ತಾನು ಹೋಗಿ ಒಡೆಯನಿಗೆ ತಿಳಿಸಿ ಹಿಂದಿರುಗುವವರೆಗೆ ತಾಳಬೇಕೆಂದು ಅವನು ಬೇಡುತ್ತಾನೆ. ದೇವಿ ಮಾತು ಕೊಡುತ್ತಾಳೆ. ಸುದ್ದಿ ಕೇಳಿದ ಒಡೆಯನು ಯೋಚಿಸುತ್ತಾನೆ: ಇವನು ಹಿಂದಿರುಗದಿದ್ದರೆ ಕೆರೆ ಎಂದಿಗೂ ಒಡೆಯುವುದಿಲ್ಲ! ನೀರುಗಂಟಿಯ ತಲೆ ಉರುಳುತ್ತದೆ, ಕೆರೆ ಉಳಿಯುತ್ತದೆ.

ಚಿಕ್ಕವನಾಗಿದ್ದಾಗ ಇದನ್ನು ತ್ಯಾಗದ ಕಥೆಯೆಂದು ಕೇಳಿದ್ದೆ. ಈಗ ಬೇರೆಯಾಗಿ ಕೇಳಿಸುತ್ತದೆ. ಕೆರೆ ಮುನ್ಸೂಚನೆ ಕೊಟ್ಟಿತು, ಕೇಳಿಸಿಕೊಳ್ಳುವವನೊಬ್ಬನಿದ್ದ, ಅವನು ಓಡಿಹೋಗಿ ಹೇಳಿದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಈಗ ಐತಿಹ್ಯದಿಂದ ಇತಿಹಾಸಕ್ಕೆ ಬರೋಣ. ಕೋಲಾರ ಸೀಮೆಯಲ್ಲಿ ಪಾಲಾರ್ ನದಿಯ ಮೇಲಿರುವ ಬೇತಮಂಗಲದ ಕೆರೆ ಬಹು ಪ್ರಾಚೀನವಾದುದು. ಹತ್ತನೆಯ ಶತಮಾನದ ನೊಳಂಬರ ಕಾಲದಲ್ಲಿಯೇ ಒಮ್ಮೆ ಒಡೆದು ದುರಸ್ತಿಯಾದುದನ್ನು ಶಾಸನ ಹೇಳುತ್ತದೆ. 1903ರ ನವೆಂಬರಿನ ಭಾರಿ ಮಳೆಗೆ ಈ ಕೆರೆಯೂ ಆ ಸಾಲಿನ ಇತರ ಕೆರೆಗಳೂ ಒಡೆದವು. ಆ ನೀರೆಲ್ಲ ಪಾಲಾರಿನಲ್ಲಿ ಒಟ್ಟಾಗಿ ನವೆಂಬರ್ 12ರಂದು ಕೆಳಗಿನ ವಾಣಿಯಂಬಾಡಿಯನ್ನು ನುಗ್ಗಿತು. ಅಲ್ಲಿ ಕನಿಷ್ಠ 200 ಜನ ಮುಳುಗಿ ಸತ್ತರು. ಮಳೆ ಸುರಿದದ್ದು ಮೈಸೂರು ಸಂಸ್ಥಾನದ ಮೇಲೆ, ಸತ್ತವರು ಮದ್ರಾಸ್ ಪ್ರಾಂತ್ಯದವರು.

ಐದು ವರ್ಷಗಳ ನಂತರ, 1908ರ ಸೆಪ್ಟೆಂಬರ್ 28ರಂದು, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸತ್ತವರ ಸಂಖ್ಯೆ ಸುಮಾರು 15,000 ಎನ್ನುತ್ತಾರೆ. ಕಾರಣ ಹುಡುಕಿ ಪರಿಹಾರ ಸೂಚಿಸಲು ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರು ನಗರದ ನದಿಯನ್ನಷ್ಟೇ ನೋಡಿ ವರದಿ ಬರೆಯಲಿಲ್ಲ. ನಗರದ ಮೇಲ್ಭಾಗದ 862 ಚದರ ಮೈಲಿ ಜಲಾನಯನ ಪ್ರದೇಶವನ್ನೆಲ್ಲ ಪರಿಶೀಲಿಸಿದರು. ಅಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆಯಾಗಿತ್ತು. ಮಳೆಯೇ ಅಸಾಧಾರಣವಾದುದು, ಅದರ ಮೇಲೆ ಕೆರೆಗಳ ನೀರೂ ಸೇರಿತು. ನದಿಯಲ್ಲಿ ಹರಿದ ಗರಿಷ್ಠ ಪ್ರವಾಹ 4,25,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು, ಎಂದು ಅವರು ಅಂದಾಜು ಮಾಡಿದರು. ನಗರವನ್ನು ರಕ್ಷಿಸುವ ಉಪಾಯವು ನಗರದಿಂದ ಆಚೆಗೆ, ಮೇಲ್ಗಡೆ ಇದೆಯೆಂದು ಅವರು ಕಂಡುಕೊಂಡರು. ನದಿಗಳ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆದು ನಿಲ್ಲಿಸುವ ಎರಡು ಜಲಾಶಯಗಳನ್ನು ಸೂಚಿಸಿದರು. ಇಂದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸಲಹೆಯ ಫಲ.

ಲೆಕ್ಕದ ಮೇಷ್ಟ್ರು ಲೆಕ್ಕ ಮಾಡದೆ ಬಿಟ್ಟಾನೆಯೇ? ಅಂದಿನ ಇಂಜಿನಿಯರರು ದಕ್ಷಿಣ ಭಾರತದ ಕೆರೆಗಳ ಕೋಡಿಯ ಉದ್ದವನ್ನು ನಿರ್ಧರಿಸಲು 1884ರ ರೈವ್ಸ್ ಸೂತ್ರವನ್ನು ಬಳಸುತ್ತಿದ್ದರು. ಜಲಾನಯನ ಪ್ರದೇಶದ ಚದರ ಮೈಲಿಯ ಮೂರರಲ್ಲೆರಡು ಘಾತವನ್ನು ತೆಗೆದು ಒಂದು ಸ್ಥಿರಾಂಕದಿಂದ ಗುಣಿಸಬೇಕು. ಗುಡ್ಡಗಾಡಿನ ಪ್ರದೇಶಕ್ಕೆ ಸ್ಥಿರಾಂಕ 675. ಎಂಟು ಪಟ್ಟು ದೊಡ್ಡ ಪ್ರದೇಶದಿಂದ ನಾಲ್ಕು ಪಟ್ಟು ಮಾತ್ರ ಪ್ರವಾಹ ಬರುತ್ತದೆ ಎಂಬುದು ಇದರ ಸಾರ. ಮೂಸಿಯ 862 ಚದರ ಮೈಲಿಯನ್ನು ಈ ಸೂತ್ರಕ್ಕೆ ಹಾಕಿದೆ. ಬಂದ ಉತ್ತರ ಸುಮಾರು 61,000 ಕ್ಯೂಸೆಕ್. ಹರಿದದ್ದು ಅದರ ಹತ್ತಿರ ಹತ್ತಿರ ಏಳು ಪಟ್ಟು!

ಸೂತ್ರವನ್ನು ಹಳಿಯಬೇಕಾಗಿಲ್ಲ. ಅದು ಸಾಮಾನ್ಯ ದೊಡ್ಡ ಮಳೆಯ ಲೆಕ್ಕ ಹೇಳುತ್ತದೆ. ಮೇಲಿನ ಏರಿಗಳೆಲ್ಲ ನಿಂತಿರುತ್ತವೆ ಎಂದು ನಂಬಿಕೊಂಡಿರುತ್ತದೆ. ಏರಿ ಒಡೆದಾಗಿನ ಲೆಕ್ಕವೇ ಬೇರೆ. ಅಮೆರಿಕದ ಫ್ರೋಲಿಕ್ ಎಂಬ ಇಂಜಿನಿಯರ್ ಹಿಂದೆ ಒಡೆದ ಇಪ್ಪತ್ತಕ್ಕೂ ಹೆಚ್ಚು ಅಣೆಕಟ್ಟೆಗಳನ್ನು ಅಭ್ಯಾಸ ಮಾಡಿ 1995ರಲ್ಲಿ ಒಂದು ಸೂತ್ರ ಕೊಟ್ಟರು. ನಿಂತ ನೀರಿನ ಪ್ರಮಾಣವೂ ಆಳವೂ ಗೊತ್ತಿದ್ದರೆ ಒಡೆದಾಗ ನುಗ್ಗುವ ಗರಿಷ್ಠ ಪ್ರವಾಹವನ್ನು ಅಂದಾಜು ಮಾಡಬಹುದು. ನಮ್ಮ ಕಡೆಯ ಒಂದು ಮಧ್ಯಮ ಗಾತ್ರದ ಕೆರೆಯನ್ನು ಊಹಿಸಿಕೊಳ್ಳಿ: ಹತ್ತು ಲಕ್ಷ ಘನ ಮೀಟರ್ ನೀರು, ಏರಿಯ ಬುಡದಲ್ಲಿ ಆರು ಮೀಟರ್ ಆಳ. ಒಡೆದರೆ ಸೆಕೆಂಡಿಗೆ ಸುಮಾರು 330 ಘನ ಮೀಟರ್, ಅಂದರೆ 11,600 ಕ್ಯೂಸೆಕ್ ನೀರು ನುಗ್ಗುತ್ತದೆ. ಅದರ ಕೆಳಗಿನ ಕೆರೆಗೆ ಹತ್ತು ಚದರ ಮೈಲಿ ಜಲಾನಯನವಿದೆ ಎಂದುಕೊಂಡರೆ, ರೈವ್ಸ್ ಲೆಕ್ಕದಲ್ಲಿ ಅದರ ಕೋಡಿಯನ್ನು ಕಟ್ಟಿರುವುದು ಸುಮಾರು 3,100 ಕ್ಯೂಸೆಕ್ಕಿಗೆ. ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ಏರಿಯ ಮೇಲೆ. ಮಣ್ಣಿನ ಏರಿ ನೆತ್ತಿಯ ಮೇಲೆ ನೀರು ಹರಿದರೆ ಹೆಚ್ಚು ಹೊತ್ತು ತಾಳದು. ಸರಪಣಿ ಕಳಚುವುದು ಹೀಗೆ.

ಲೆಕ್ಕವನ್ನು ಇಲ್ಲಿಗೆ ನಿಲ್ಲಿಸಿ, ನಾನು ಕಂಡದ್ದನ್ನು ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ಗುಬ್ಬಿ ಕಡೆಯ ಒಂದು ಹಳ್ಳಿಗೆ ಹೊಸದಾಗಿ ಮೇಷ್ಟ್ರಾಗಿ ಹೋಗಿದ್ದೆ. ಚಿತ್ತೆ ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ಊರಿನ ಗಂಡಸರೆಲ್ಲ ಕೆರೆಯ ಕಡೆಗೆ ಓಡುತ್ತಿದ್ದರು. ನಾನೂ ಲಾಟೀನು ಹಿಡಿದು ಹೋದೆ. ಏರಿಯ ಹೊರಮೈಯ ಬುಡದಲ್ಲಿ, ತೂಬಿನಿಂದ ಇಪ್ಪತ್ತು ಮಾರು ದೂರದಲ್ಲಿ, ನೀರು ಬುಗ್ಗೆಯಂತೆ ಏಳುತ್ತಿತ್ತು. ಊರಿನ ನೀರುಗಂಟಿ ಎಪ್ಪತ್ತು ದಾಟಿದ ಮುದುಕ. ನಾವೆಲ್ಲ ಅಜ್ಜ ಎಂದು ಕರೆಯುತ್ತಿದ್ದೆವು. ಅವರು ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡು, "ದೀಪ ಹಿಡೀರಿ ಮೇಷ್ಟ್ರೇ" ಎಂದರು. ಬೆಳಕಿನಲ್ಲಿ ನೋಡಿದರು. ಮತ್ತೆ ಚೆಲ್ಲಿದರು, ಮತ್ತೆ ತುಂಬಿಕೊಂಡರು. "ತಿಳಿ ನೀರು ಬಂದರೆ ಕೆರೆ ಬೆವರ್ತಾ ಅದೆ ಅನ್ನಿ. ಕಲಕು ನೀರು ಬಂದರೆ ಕೆರೆ ಕರಗ್ತಾ ಅದೆ ಅನ್ನಿ" ಎಂದರು. ಅಂದು ಬೊಗಸೆಯ ತಳದಲ್ಲಿ ಕೆಮ್ಮಣ್ಣು ನಿಂತಿತ್ತು.

ಜೇಡಿಮಣ್ಣು ತುಂಬಿ ಬುಗ್ಗೆಯನ್ನು ಮುಚ್ಚಿಬಿಡೋಣವೆಂದು ಹುಡುಗರು ಅವಸರಪಟ್ಟರು. ಅಜ್ಜ ಬಿಡಲಿಲ್ಲ. ಇಲ್ಲಿ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆಂದು ಗದರಿಸಿ, ಮೊದಲು ಮರಳು, ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ದಪ್ಪ ಕಲ್ಲು ಹೇರಿಸಿದರು. ನೀರು ಬರುವುದು ನಿಲ್ಲಲಿಲ್ಲ. ಮಣ್ಣು ಬರುವುದು ನಿಂತಿತು. ಇನ್ನೊಂದು ಗುಂಪು ಕೋಡಿಯನ್ನು ತಗ್ಗಿಸಿ ನೀರಿನ ಮಟ್ಟವನ್ನು ಇಳಿಸಿತು. ಅದಕ್ಕೂ ಮೊದಲು ಅಜ್ಜ ಮಾಡಿದ ಕೆಲಸವೆಂದರೆ, ತಮಟೆಯೊಡನೆ ಇಬ್ಬರನ್ನು ಕೆಳಗಿನ ಊರಿಗೆ ಓಡಿಸಿದ್ದು. ಆ ಊರಿನವರು ರಾತ್ರಿಯೆಲ್ಲ ಮಕ್ಕಳುಮರಿ, ದನಕರುಗಳೊಂದಿಗೆ ದಿಣ್ಣೆಯ ಮೇಲಿನ ಗುಡಿಯಲ್ಲಿ ಕುಳಿತಿದ್ದರು. ಕೆರೆ ಒಡೆಯಲಿಲ್ಲ. ಬೆಳಿಗ್ಗೆ ಅವರಲ್ಲಿ ಯಾರೂ ಸುಮ್ಮನೆ ಓಡಿಸಿದಿರಿ ಎಂದು ಬೈಯಲಿಲ್ಲ.

ಬಹಳ ಕಾಲದ ಮೇಲೆ ಪುಸ್ತಕವೊಂದರಲ್ಲಿ ಓದಿದೆ. ಮರಳು, ಜಲ್ಲಿ, ಕಲ್ಲುಗಳನ್ನು ಕ್ರಮವಾಗಿ ಜೋಡಿಸಿ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಈ ಶೋಧಕ ಪದರದ ನಿಯಮಗಳನ್ನು ರೂಪಿಸಿದವರು ಮಣ್ಣಿನ ಯಂತ್ರಶಾಸ್ತ್ರದ ಪಿತಾಮಹರೆನಿಸಿದ ಟೆರ್ಜಾಘಿ. ನಮ್ಮ ಅಜ್ಜನಿಗೆ ಆ ಹೆಸರು ಗೊತ್ತಿರಲಿಲ್ಲ. ಕೈಗಳಿಗೆ ಕೆಲಸ ಗೊತ್ತಿತ್ತು.

ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳು 1961ರ ಕಾಯಿದೆಯಿಂದ, 1963ರ ಫೆಬ್ರವರಿ 1ರಿಂದ, ರದ್ದಾದವು. ಜಾತಿಗೆ ಕಟ್ಟಿಹಾಕಿದ್ದ ಬಿಟ್ಟಿ ಚಾಕರಿಯಿಂದ ಎಷ್ಟೋ ಕುಟುಂಬಗಳಿಗೆ ಬಿಡುಗಡೆ ಸಿಕ್ಕಿತು. ಅದು ನ್ಯಾಯವಾಗಿಯೇ ಆಯಿತು. ಅಜ್ಜ ರೂಢಿಯಿಂದ ಕೆಲಸ ಮಾಡುತ್ತಿದ್ದರು, ಊರವರು ಸುಗ್ಗಿಯಲ್ಲಿ ರಾಗಿ ಅಳೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಏರಿಯ ಮೇಲೆ ದಿನಾ ನಡೆಯುವವರು ಯಾರೂ ಉಳಿಯಲಿಲ್ಲ. ಹುದ್ದೆ ಹೋಗಬೇಕಾದದ್ದೇ. ಅದರೊಡನೆ ಕೆಲಸವೂ ಹೋಯಿತು.

ಇನ್ನು ನನ್ನ ಬಾಕಿಯ ಮಾತು. ಅಜ್ಜ ಹೋದ ಕೆಲವು ವರ್ಷಗಳ ಮೇಲೆ ಮತ್ತೊಂದು ಹಳ್ಳಿಯಲ್ಲಿದ್ದೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ದಾರಿ ಕೆರೆಯ ಏರಿಯ ಕೆಳಗೇ ಇತ್ತು. ಒಂದು ಮಳೆಗಾಲ ಏರಿಯ ಬುಡದಲ್ಲಿ ಹಾಸಿಗೆಯಗಲದ ಜೌಗು ಕಂಡೆ. ಸುತ್ತ ಹುಲ್ಲು ಬೇಸಾಯಕ್ಕಿಂತ ಹಸುರಾಗಿತ್ತು. ಹದಿನೈದು ದಿನ ಅದೇ ದಾರಿಯಲ್ಲಿ ಹೋದೆ, ಬಂದೆ. ಅಜ್ಜನ ಬೊಗಸೆ ನೆನಪಾಯಿತು. ಒಮ್ಮೆಯೂ ಸೈಕಲ್ ಇಳಿದು ನೀರನ್ನು ಕೈಗೆತ್ತಿಕೊಳ್ಳಲಿಲ್ಲ. ಊರವರು ನೋಡಿರುತ್ತಾರೆ, ಸಂಬಂಧಪಟ್ಟವರಿಗೆ ತಿಳಿದಿರುತ್ತದೆ ಎಂದುಕೊಂಡೆ. ಊರವರೂ ಹಾಗೆಯೇ ಎಂದುಕೊಂಡಿದ್ದರೆಂದು ಆಮೇಲೆ ತಿಳಿಯಿತು. ಒಂದು ರಾತ್ರಿ ಏರಿ ಅಲ್ಲೇ ಬಾಯಿ ಬಿಟ್ಟಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಕೆಳಗಿನ ತೆಂಗು ಅಡಿಕೆಯ ತೋಟಗಳ ಮೇಲೆ ಮಂಡಿಯುದ್ದ ಮರಳು ಕೂತಿತು. ನನ್ನ ಏಳನೆಯ ತರಗತಿಯ ಹುಡುಗನೊಬ್ಬನ ಮನೆ ಕುಸಿಯಿತು. ಲೆಕ್ಕದಲ್ಲಿ ಬಹಳ ಚುರುಕಾದ ಹುಡುಗ. ಮುಂದಿನ ತಿಂಗಳು ಅವನ ಅಪ್ಪ ಕೂಲಿಗೆಂದು ಊರು ಬಿಟ್ಟರು. ಹುಡುಗ ಶಾಲೆಗೆ ಮತ್ತೆ ಬರಲಿಲ್ಲ. ಅಂಚೆ ಕಾರ್ಡೊಂದರ ಬೆಲೆ ಆಗ ಎಷ್ಟಿತ್ತು! ಅಷ್ಟನ್ನು ನಾನು ಬರೆಯಲಿಲ್ಲ.

ಕೆರೆ ಹೇಳುವುದನ್ನು ಕೇಳಿಸಿಕೊಂಡು ಮುಂದಕ್ಕೆ ಮುಟ್ಟಿಸಿದರೆ ಏನಾಗುತ್ತದೆ, ಮುಟ್ಟಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಎರಡು ನಿದರ್ಶನಗಳು ಸಾಕು. ಅಮೆರಿಕದ ಐಡಾಹೋದಲ್ಲಿ ಟೀಟನ್ ಎಂಬ 305 ಅಡಿ ಎತ್ತರದ ಮಣ್ಣಿನ ಅಣೆಕಟ್ಟೆ 1976ರ ಜೂನ್ 5ರಂದು ಒಡೆಯಿತು. ಬೆಳಿಗ್ಗೆ ಕಲಕು ನೀರು ಒಸರುತ್ತಿದ್ದುದನ್ನು ಕಂಡವರು ಸುದ್ದಿ ಮುಟ್ಟಿಸಿದರು, ಅಧಿಕಾರಿಗಳು ಕೆಳಗಿನ ಊರುಗಳನ್ನು ತೆರವು ಮಾಡಿಸಿದರು, ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಕುಸಿಯಿತು. ಅಷ್ಟು ದೊಡ್ಡ ಪ್ರವಾಹದಲ್ಲಿ ಸತ್ತವರು 11 ಜನ. ಗುಜರಾತಿನ ಮಚ್ಛು ನದಿಯ ಎರಡನೆಯ ಅಣೆಕಟ್ಟೆ 1979ರ ಆಗಸ್ಟ್ 11ರಂದು ಒಡೆಯಿತು. ಅಂದಾಜಿಗಿಂತ ಬಹಳ ಹೆಚ್ಚು ನೀರು ಬಂದು ಮಣ್ಣಿನ ಏರಿಗಳ ಮೇಲೆ ಹರಿಯಿತು. ಕೆಲವೇ ಕಿಲೋಮೀಟರ್ ದೂರದ ಮೋರ್ಬಿ ಪಟ್ಟಣಕ್ಕೆ ಎಚ್ಚರಿಕೆ ಮುಟ್ಟಲಿಲ್ಲ. ಸತ್ತವರನ್ನು ಸಾವಿರಗಳಲ್ಲಿ ಎಣಿಸಬೇಕಾಯಿತು.

ನಮ್ಮ ನೆರೆಯಲ್ಲೇ ನೋಡಿದರೆ, ಬೆಂಗಳೂರಿನ ಹುಳಿಮಾವು ಕೆರೆಯ ಏರಿ 2019ರ ನವೆಂಬರ್ 24ರಂದು ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅಂದು ಮಳೆಯ ಅಬ್ಬರವೇನೂ ಇರಲಿಲ್ಲ. ಏರಿಯನ್ನು ಅಗೆದದ್ದೇ ಕಾರಣ.

ಇಷ್ಟೆಲ್ಲ ಹೇಳಿದ್ದು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿ. ಮಾರ್ಕೋನಹಳ್ಳಿಯಲ್ಲಿ, ನಡುವಿನ ಕಲ್ಲುಕಟ್ಟಡಕ್ಕೆ ಎರಡೂ ಕಡೆ ಉದ್ದನೆಯ ಮಣ್ಣಿನ ಏರಿಗಳಿರುವ ಆ ಜಲಾಶಯದಲ್ಲಿ, ನೀರು ಮಿತಿ ಮೀರಿದೊಡನೆ ತಾನಾಗಿಯೇ ಸೆಳೆದು ಹೊರಹಾಕುವ ಸೈಫನ್ನುಗಳಿವೆ. ಮಧ್ಯರಾತ್ರಿಯಲ್ಲಿ ಯಾರೂ ಎದ್ದು ಬಾಗಿಲು ತೆರೆಯಬೇಕಾಗಿಲ್ಲ. ದೊಡ್ಡ ಅಣೆಕಟ್ಟೆಗಳಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯೂ ಇದೆ. ತುರ್ತು ಯೋಜನೆ, ತಪಾಸಣೆ, ಒಡೆದರೆ ಎಲ್ಲೆಲ್ಲಿ ಮುಳುಗುತ್ತದೆಂಬ ಲೆಕ್ಕ ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಆ ಕಾಯಿದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದವಕ್ಕೆ, ಮತ್ತು ಕೆಲವು ಷರತ್ತುಗಳಿಗೊಳಪಟ್ಟು 10ರಿಂದ 15 ಮೀಟರಿನವಕ್ಕೆ. ನಮ್ಮ ಊರಿನ ಕೆರೆಗಳಲ್ಲಿ ಹೆಚ್ಚಿನವುಗಳ ಏರಿ ಅಷ್ಟು ಎತ್ತರವಿಲ್ಲ. ಅವುಗಳ ನೀರುಗಂಟಿ ನಾವೇ.

ವಸಂತನರಸಾಪುರದ ಸುತ್ತಿನವರಿಗೆ ಇನ್ನೂ ಒಂದು ಮಾತು. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ರಾಗಿ ಹೊಲವಿದ್ದಾಗ ಅದರಲ್ಲಿ ಬಹುಪಾಲನ್ನು ನೆಲವೇ ಕುಡಿಯುತ್ತಿತ್ತು. ಶೀಟಿನ ಚಾವಣಿ, ಕಾಂಕ್ರೀಟು ರಸ್ತೆಗಳ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಪೂರ್ತಿಯಾಗಿ, ಬಹು ಬೇಗ ಹಳ್ಳಕ್ಕೆ ಇಳಿಯುತ್ತದೆ. ಸಾವಿರ ಎಕರೆಗೆ ಹತ್ತು ಕೋಟಿ ಲೀಟರ್. ಕೆಳಗಿನ ಕೆರೆಯ ಕೋಡಿಯನ್ನು ಕಟ್ಟಿದವರು ರಾಗಿ ಹೊಲದ ಲೆಕ್ಕ ಹಾಕಿದ್ದರು. ಜಿಲ್ಲೆಯ ಹಲವು ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಹರಿಸುವುದು ಸಂತೋಷವೇ. ಆದರೆ ಮೊದಲೇ ತುಂಬಿದ ಕೆರೆಯಲ್ಲಿ ಚಿತ್ತೆ, ಸ್ವಾತಿ ಮಳೆಗಳಿಗೆ ಜಾಗವಿರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ನಿಮ್ಮೂರಿನ ಏರಿಯ ಹೊರಮೈಯ ಬುಡದಲ್ಲಿ ನಡೆದು ನೋಡಿ. ಹೊಸ ಜೌಗು, ಏರಿಯ ನೆತ್ತಿಯಲ್ಲಿ ಉದ್ದನೆಯ ಬಿರುಕು, ತಗ್ಗಿದ ಜಾಗ, ಹೆಗ್ಗಣ ಏಡಿಗಳ ಬಿಲ, ಒಣಗಿ ಬೇರು ಕೊಳೆಯುತ್ತಿರುವ ಮರ, ಮಣ್ಣು ತುಂಬಿಸಿ ಎತ್ತರಿಸಿದ ಕೋಡಿ, ಇವುಗಳಲ್ಲಿ ಯಾವುದು ಕಂಡರೂ ಸುಮ್ಮನಿರಬೇಡಿ. ಒಸರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಕಲಕಾಗಿದ್ದರೆ ಆ ಗಳಿಗೆಯಲ್ಲೇ ಪಂಚಾಯಿತಿಗೂ ತಹಸೀಲ್ದಾರರಿಗೂ ತಿಳಿಸಿ. ಅದಕ್ಕೂ ಮೊದಲು ಕೆಳಗಿನ ಊರಿಗೆ ತಿಳಿಸಿ. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬಂದರೂ ಐದು ಕಿಲೋಮೀಟರ್ ದಾಟಲು ನಲವತ್ತು ನಿಮಿಷ ಬೇಕು. ನಿಮ್ಮ ಜೇಬಿನಲ್ಲಿರುವ ಮೊಬೈಲಿಗೆ ನಲವತ್ತು ಸೆಕೆಂಡು ಸಾಕು.

ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟ ಆ ಹುಡುಗನಿಗೆ ಈಗ ಅರವತ್ತರ ಹತ್ತಿರದ ವಯಸ್ಸಿರಬೇಕು. ಎಲ್ಲಿದ್ದಾನೋ ತಿಳಿಯದು. ಎಂದಾದರೂ ಯಾರಾದರೂ ಇದನ್ನು ಅವನಿಗೆ ಓದಿ ಹೇಳಿದರೆ, ಅವನ ಮೇಷ್ಟ್ರು ಆ ಜೌಗನ್ನು ಹದಿನೈದು ದಿನ ನೋಡಿದ್ದರೆಂಬುದು ಅವನಿಗೆ ತಿಳಿಯಲಿ.

ಎಲ್ಲರಿಗೂ ಶುಭವಾಗಲಿ. ಮುಂದಿನ ಮಳೆಗಾಲಕ್ಕೆ ಮುನ್ನ ನಿಮ್ಮ ನಿಮ್ಮ ಊರಿನ ಏರಿಯನ್ನು ನೋಡಿಬಂದು ನನಗೆ ನಾಲ್ಕು ಸಾಲು ಬರೆಯಿರಿ.